ಎಂಟು ನಲವತ್ತರ ಎಕ್ಸಿಟ್

ನಂದಗುಡಿಯ ಹಳೆಯ ಸರ್ವರನ್ನು ಇವತ್ತು ಕಾಯಂ ಆಗಿ ಆರಿಸಬೇಕಿತ್ತು. ದೇವನಹಳ್ಳಿಯ ಆಫೀಸಿನಲ್ಲೇ ಕೂತು, ಅಭ್ಯಾಸದಂತೆ ಪರದೆಯ ಮೇಲೆ ಎರಡು ಕಪ್ಪು ವಿಂಡೋ ತೆರೆದು, ಎರಡರಲ್ಲೂ ಒಂದೊಂದು ಸಾಲು ಟೈಪು ಮಾಡಿ ಅದರ ಒಳಹೊಕ್ಕೆ. ಈ ಯಂತ್ರವನ್ನು ಬೇರೆಯವರಿಗೆ ಒಪ್ಪಿಸಿದ ಮೇಲೆ ನನ್ನ ಲಾಗಿನ್ ಹಾಗೇ ಬಿದ್ದಿತ್ತು. ಹಿಂದೆ ಕೊಟ್ಟ ಕಮಾಂಡುಗಳ ಪಟ್ಟಿಯನ್ನು ಸುಮ್ಮನೆ ತೆಗೆದೆ. ಹಳೆಯ ಡ್ರಾಯರ್ ಎಳೆದು ನೋಡುವ ಚಪಲ ನಿಮಗೂ ಇದ್ದೀತು.

ಕೊನೆಯ ಸಾಲು ಎಕ್ಸಿಟ್, ಅಂದರೆ ವಿಂಡೋ ಮುಚ್ಚಿ ಹೊರಗೆ ಬಂದದ್ದು. ಪಕ್ಕದಲ್ಲಿ ವರ್ಷಗಳ ಹಿಂದಿನ ತಾರೀಖು, ಸಮಯ: ಬೆಳಗಿನ ಎಂಟು ನಲವತ್ತು.

ಈ ಕೆಲಸ ನನಗೆ ಕಲಿಸಿದವರು ಜಯಕ್ಕ. ದೂರದ ಯಂತ್ರದೊಳಗೆ ಯಾರನ್ನು ಬಿಡಬೇಕೆಂಬ ನಿಯಮ ಬದಲಿಸುವಾಗ ಒಂದು ವಿಂಡೋದಲ್ಲಿ ಕೆಲಸ ನಡೆಯಬೇಕು, ತಪ್ಪಾದರೆ ತಿದ್ದಲು ಇನ್ನೊಂದು ಸುಮ್ಮನೆ ತೆರೆದಿರಬೇಕು. "ಹೊಸದಾಗಿ ಒಳಗ್ ಹೋಗಿ ನೋಡೋ ತನಕ ಅದನ್ನ ಮುಟ್ಬೇಡ ಕಣೋ. ಮುಟ್ಟಿದ್ರೆ ನಂದಗುಡಿಗೆ ನೀನೇ ಹೋಗು, ಬಸ್ ಚಾರ್ಜ್ ನಂದು."

ಆ ತಾರೀಖಿನ ಬೆಳಿಗ್ಗೆ ನಾನು ನಿಯಮ ಬದಲಿಸಿದ ಮೇಲೆ ಎರಡೂ ವಿಂಡೋ ಮುಚ್ಚಿದವು. ನಿಯಮ ತಪ್ಪಿತ್ತು, ಯಾರೂ ಒಳಹೋಗುವಂತಿಲ್ಲ. ಆ ಸರ್ವರ್ ಹಾಲು ತಂಪು ಮಾಡುವ ಕೇಂದ್ರದ್ದು. ಟ್ಯಾಂಕಿನ ಉಷ್ಣಾಂಶ ಕಾಣದೆ ಲಾರಿಯವನು ಹಾಲು ತುಂಬಿಸಿಕೊಳ್ಳಲಿಲ್ಲ. ಜಯಕ್ಕ ಯಾರದೋ ಸ್ಕೂಟರ್ ಕೇಳಿ ನಂದಗುಡಿಗೆ ಹೋಗಿ, ಯಂತ್ರದ ಮುಂದೆಯೇ ಕೂತು ಸರಿಪಡಿಸುವಷ್ಟರಲ್ಲಿ ಮಧ್ಯಾಹ್ನ.

"ಯಾರಯ್ಯ ಮುಚ್ಚಿದ್ದು?" ಎಂದರು ನಮ್ಮ ಆಫೀಸಿನ ಸಾಹೇಬರು.

"ಜಯಕ್ಕನೇ ಸಾಕು ಮುಚ್ಚು ಅಂದ್ರು ಸಾರ್," ಎಂದೆ.

ಅಕ್ಕನಿಂದ ಸರ್ವರುಗಳನ್ನು ಕಿತ್ತುಕೊಂಡು ಬೇರೆಯವರಿಗೆ ಒಪ್ಪಿಸಿ, ಅವರನ್ನು ಫೋನ್ ಎತ್ತುವ ಮೇಜಿಗೆ ಹಾಕಿದರು. ವರ್ಷದೊಳಗೆ ಅವರು ಕೆಲಸ ಬಿಟ್ಟು ಹೊಸಕೋಟೆಯಲ್ಲಿ ಇದನ್ನೇ ಕಲಿಸುವ ತರಗತಿ ತೆರೆದರು.

ಅಕ್ಕ ಹಾಗೆ ಅಂದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ನನ್ನ ಹೆಗಲ ಹಿಂದೆ ನಿಂತಿದ್ದರು, ತಲೆಯಲ್ಲಿ ಕನಕಾಂಬರ, ಕೈಯಲ್ಲಿ ಟೀ ಲೋಟ. ಇಷ್ಟು ಅಚ್ಚುಕಟ್ಟಾದ ನೆನಪಿನ ಮೇಲೆ ಆಗಲೇ ಅನುಮಾನ ಬರಬೇಕಿತ್ತು. ಆವತಿಯಿಂದ ಅವರು ಬರುತ್ತಿದ್ದ ಬಸ್ಸು ಒಂಬತ್ತಕ್ಕೆ ಮೊದಲು ದೇವನಹಳ್ಳಿ ಮುಟ್ಟಿದ್ದೇ ಇಲ್ಲ. ಸರ್ವರಿನ ಗಡಿಯಾರ ತಪ್ಪಿರಲಿ ಎಂದು ಆಸೆಪಟ್ಟು ಅದನ್ನೂ ನೋಡಿದೆ. ಸರಿಯಾಗಿಯೇ ಇತ್ತು. ಹೆದರಿ ಹೇಳಿದ ಸುಳ್ಳಿಗೆ ಹೂವು ಮುಡಿಸಿದವನು ನಾನೇ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಗೊತ್ತು ಕಣೋ," ಎಂದರು. "ಅವತ್ತು ನಂದಗುಡೀಲಿ ನಾನ್ ಮೊದ್ಲು ಓದಿದ್ದೇ ಆ ಸಾಲು."

"ಮತ್ಯಾಕಕ್ಕ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಒಂದ್ ವಾರ ಕಾದೆ. ಆಮೇಲೆ ಬೇಜಾರಾಗೋಯ್ತು. ಈಗ ಗೊತ್ತಿರೋಳ್ಗೇ ಹೇಳ್ತಿದೀಯಲ್ಲೋ, ಗೊತ್ತಿಲ್ದೋರ್ಗೆ ಹೇಳೋಗು."

ಆ ಸಾಲನ್ನು ನಕಲು ಮಾಡಿ, ಕೆಳಗೆ ಬಸ್ಸಿನ ಸಮಯ ಬರೆದು, ಸಾಹೇಬರಿಗೂ ಆಫೀಸಿನ ಎಲ್ಲರಿಗೂ ಮೇಲ್ ಕಳಿಸಿದೆ. ತಲುಪಿತೆಂದು ಖಾತ್ರಿಯಾಗುವವರೆಗೆ ಎರಡನೆಯ ವಿಂಡೋ ಮುಟ್ಟಲಿಲ್ಲ.