ಕೋಟೆಬಾಗಿಲಲ್ಲಿ ಮಾತು ಬಿಟ್ಟವರು

ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ರಸ್ತೆಗೆ ಮುಖ ಮಾಡಿಕೊಂಡು ಅಹಮದ್ ಪಾಷಾ ಅವರ ಸೀಟು ಹೊಲಿಯುವ ಅಂಗಡಿ ಇದೆ. ಆಟೋ, ಟ್ರಾಕ್ಟರು, ಬೈಕು, ನಾಗಮಂಗಲ ಕಡೆಯ ಖಾಸಗಿ ಬಸ್ಸು, ಯಾವುದರ ಸೀಟು ಹರಿದರೂ ಇಲ್ಲಿಗೆ ಬರುತ್ತದೆ. ಪಕ್ಕದ ಮಳಿಗೆಯಲ್ಲಿ ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ. ಎರಡು ಮಳಿಗೆಗಳ ನಡುವೆ ಇರುವುದು ಒಂದು ತಗಡು. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಪಾಷಣ್ಣ ಬಹಳ ಒಳ್ಳೆಯವರು. ಯಾರ ಮಾತನ್ನು ಯಾರೂ ಲೆಕ್ಕಕ್ಕಿಡುವುದಿಲ್ಲವೋ ಅಂಥವರನ್ನು ನಮ್ಮ ಕಡೆ ಹೀಗೆ ಕರೆಯುತ್ತಾರೆ. ಸೀಟಿಗೆ ಕಂದು ಬಣ್ಣ ಚೆನ್ನ ಎಂದು ಅವರು ಹೇಳಿದರೆ ಗಿರಾಕಿ ಗುಲಾಬಿ ರೆಕ್ಸಿನ್ ಆರಿಸುತ್ತಾನೆ. ಇವತ್ತು ಬೇಳೆ ಸಾರು ಸಾಕು ಎಂದು ಹೇಳುವ ಹೊತ್ತಿಗೆ ಹೆಂಡತಿ ಖೈರುನ್ನೀಸಾ ಮೀನು ತೊಳೆಯುತ್ತಿರುತ್ತಾರೆ. ಮಸೀದಿ ಕಮಿಟಿಯಲ್ಲೂ ಅವರು ಸದಸ್ಯರೇ. ಸಭೆಗೆ ಚಾಪೆ ಸಾಕಾಯಿತೇ ಎಂದು ನೋಡುವುದು ಅವರಿಗೆ ಬಿಟ್ಟ ವಿಷಯ.

ಇಂಥವರಿಗೆ ಭಾಮೈದ ಜಫರ್ ಒಂದು ಡಬ್ಬಿ ತಂದುಕೊಟ್ಟ. ಅವನಿಗೆ ಮೈಸೂರಿನ ಆಟಿಕೆ ಅಂಗಡಿಯೊಂದರಲ್ಲಿ ಕೆಲಸ. ಡಬ್ಬಿಯ ಮೂಲೆ ಹರಿದಿದ್ದರಿಂದ ಅದು ಮಾರಾಟವಾಗಿರಲಿಲ್ಲ. ಒಳಗಿದ್ದದ್ದು ಬಣ್ಣಬಣ್ಣದ ದಾಳಗಳು. ಆಟ ಏನೆಂದರೆ, ಒಬ್ಬರು ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಬೇಕು. ಎದುರಿಗೆ ಗೋಡೆ ಬಂತು, ಏನು ಮಾಡುತ್ತೀರಿ ಎಂದು ಕಥೆಗಾರ ಕೇಳುತ್ತಾನೆ. ಹತ್ತುತ್ತೇನೆ ಎಂದವನು ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಹತ್ತಿದ ಎಂದು ಅರ್ಥ, ಕಡಿಮೆ ಬಿದ್ದರೆ ಬಿದ್ದ ಎಂದು. ಕೊನೆಯಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಗೆಲ್ಲುವುದಕ್ಕೇ ಏನೂ ಇಲ್ಲದ ಆಟದಲ್ಲಿ ನಮ್ಮ ಜನ ಜಗಳವಾಡಲಾರರು ಎಂದು ನಾನೂ ಆಗ ನಂಬಿದ್ದೆ.

ಶುಕ್ರವಾರ ಜುಮ್ಮಾ ನಮಾಜಿನ ಮೇಲೆ ಅಂಗಡಿಗೆ ರಜೆ. ರೆಕ್ಸಿನ್ ಕತ್ತರಿಸುವ ಮೇಜಿನ ಸುತ್ತ ಆಟ ಶುರುವಾಯಿತು. ಕಥೆ ಹೇಳುವವರು ಪಾಷಣ್ಣ. ಊರ ನಾಟಕದಲ್ಲಿ ಹಾರ್ಮೋನಿಯಂ ಹಿಡಿದವರಿಗೆ ಸಿಗುವ ‘ಮೇಷ್ಟ್ರು’ ಎಂಬ ಪದವಿ ಇಲ್ಲಿ ಅವರಿಗೆ ಸಿಕ್ಕಿತು. ದೊಡ್ಡ ದೊಡ್ಡ ಗಂಡಸರು ಮೇಜಿನ ಮೇಲೆ ಬಾಗಿ, ಬಾಯಿ ತೆರೆದು, “ಆಮ್ಯಾಕೇನಾಯ್ತು ಮೇಷ್ಟ್ರೆ?” ಎಂದು ಕೇಳುವರು. ಪಾಷಣ್ಣ ಮಳೆ ಬಂತು ಅಂದರೆ ಮಳೆ ಬರುತ್ತಿತ್ತು, ರಾಜ ಸತ್ತ ಅಂದರೆ ಸಾಯುತ್ತಿದ್ದ. ದೇವರು ಕೆಲವರಿಗೆ ರಾಜ್ಯ ಕೊಡುತ್ತಾನೆ. ಅವರಿಗೆ ಕೊಟ್ಟದ್ದು ಒಂದು ಮೇಜು, ಅವರು ಅಷ್ಟರಲ್ಲೇ ತೃಪ್ತರಾಗಿದ್ದರು.

ಮೇಜಿಗೆ ಬರುತ್ತಿದ್ದವರು ಮೂವರು. ಬೆಳಗೊಳದ ಚಿಕ್ಕಸ್ವಾಮಿ ಹಸು ಸಾಕಿಕೊಂಡು ಬೇಸಾಯ ಮಾಡುವವರು, ಪೌರಾಣಿಕ ನಾಟಕದಲ್ಲಿ ಗದೆ ಹಿಡಿದು ಹೆಸರಾದವರು. ಕಥೆಯಲ್ಲಿ ಅವರು ಸೇನಾಪತಿ. ಬಾಯಿ ತೆರೆಯಲು ಅವಕಾಶವಿಲ್ಲದ ಆಟ ಅವರ ಪ್ರಕಾರ ಆಟವೇ ಅಲ್ಲ. ಪಾಂಡವಪುರದ ಕಡೆಯ ಕುಮಾರ್ ಹಾಲಿನ ಡೈರಿಯ ಸೆಕ್ರೆಟರಿ. ಅಳತೆಗೆ ಸಿಗದ ವಸ್ತು ಲೋಕದಲ್ಲಿ ಇದೆ ಎಂಬುದನ್ನೇ ಒಪ್ಪದ ಮನುಷ್ಯ. ಆಟದ ನಿಯಮಗಳನ್ನೆಲ್ಲ ಇಂಟರ್ನೆಟ್ಟಿನಿಂದ ಇಳಿಸಿ ಬೈಂಡು ಹಾಕಿಸಿದ್ದ. ಕಥೆಯಲ್ಲಿ ಅವನು ಬಿಲ್ಲುಗಾರ. ಮೂರನೆಯವಳು ಮೆಹನಾಜ್, ಪಾಷಣ್ಣನ ತಂಗಿಯ ಮಗಳು, ಶ್ರೀರಂಗಪಟ್ಟಣದಲ್ಲಿ ಬ್ಯೂಟಿಪಾರ್ಲರ್ ಇಟ್ಟಿದ್ದಾಳೆ. ಅವಳದು ಕಳ್ಳಿಯ ಪಾತ್ರ. ಉಳಿದಿಬ್ಬರು ವಾದ ಮಾಡುವಾಗ ಕಥೆಯೊಳಗೆ ಯಾರದಾದರೂ ಜೇಬಿಗೆ ಕೈ ಹಾಕುವುದಷ್ಟೇ ಅವಳ ಆಸೆ. ಅವಳಿಗೆ ಪುರಸೊತ್ತೇ ಇರುತ್ತಿರಲಿಲ್ಲ.

ಆ ಶುಕ್ರವಾರ ಕಥೆ ಒಂದು ಕೋಟೆಬಾಗಿಲಿಗೆ ಬಂದಿತ್ತು.

“ಕಾವಲ್ನೋನು ಈಟಿ ಅಡ್ಡ ಇಟ್ಟವ್ನೆ. ಏನ್ ಮಾಡ್ತೀರಿ?” ಎಂದರು ಪಾಷಣ್ಣ.

ಕುರ್ಚಿ ಹಿಂದಕ್ಕೆ ಸರಿದ ಸದ್ದು. ಚಿಕ್ಕಸ್ವಾಮಿ ಎದ್ದು ನಿಂತಿರಬೇಕು. “ಎಲೈ ದ್ವಾರಪಾಲಕನೇ!” ಎಂದು ಶುರುಮಾಡಿದ ಅಬ್ಬರಕ್ಕೆ ನನ್ನ ಕೈಯ ರೇಷ್ಮೆ ಎಳೆ ಜಾರಿತು. ತಾಯಿಯ ಎದೆಹಾಲು, ಹುಟ್ಟಿದ ಮಣ್ಣು, ರಾಜನ ದ್ರೋಹ, ಕಾವಲುಗಾರನ ಮನೆಯಲ್ಲಿ ಹಸಿದಿರುವ ಕೂಸು, ಒಂದನ್ನೂ ಬಿಡಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಟ್ರಾಕ್ಟರಿನವನು ಎಂಜಿನ್ ಆರಿಸಿ ನಿಂತು ಕೇಳಿದ. ಮುಗಿದ ಮೇಲೆ ಪಾಷಣ್ಣ ಮೂಗು ಒರೆಸಿಕೊಂಡದ್ದು ತಗಡಿನ ಈಚೆಗೂ ಕೇಳಿಸಿತು.

“ದಾಳ ಆಕಣ್ಣ,” ಎಂದ ಕುಮಾರ್.

“ಏನಕ್ಲಾ?”

“ಕಾವಲ್ನೋನ್ ಮನ್ಸು ಕರಗ್ತೋ ಇಲ್ವೋ ನೋಡ್ಬೇಕಲ್ಲ.”

“ನಿನ್ ಮನ್ಸು ಕರಗ್ನಿಲ್ವಾ?”

“ಬಾಗ್ಲು ನಂದಲ್ವಲ್ಲಣ್ಣ.”

ದಾಳ ಉರುಳಿತು. “ಎರಡು,” ಎಂದ ಕುಮಾರ್, ನೀರು ಬೆರೆತ ಹಾಲನ್ನು ವಾಪಸ್ಸು ಕಳಿಸುವ ದನಿಯಲ್ಲಿ.

“ಲೇ, ಈ ಮಾತ್ಗೆ ಬೆಳಗೊಳದ ಎಂಗಸ್ರು ಸೆರಗ್ ಕಚ್ಕಂಡ್ ಅತ್ತವ್ರೆ ಕಣ್ಲಾ! ನಿನ್ ಪ್ಲಾಸ್ಟಿಕ್ ಗೋಲಿ ಏಳ್ತದಾ ಅವ್ನಿಗೆ ಕರುಳಿಲ್ಲ ಅಂತ?”

“ಅತ್ರೆ ಬಾಗ್ಲು ತಗಿಯಂಗಿದ್ರೆ ನಾನ್ಯಾಕಣ್ಣ ಕುಂತ್ಕಂಡು ಬಿಲ್ಲಿನ ಲೆಕ್ಕ ಕಲೀಲಿ? ರೂಲು ಐತೆ.”

“ರೂಲಂತೆ ರೂಲು! ಡೈರೀಲಿ ಕ್ಯಾನಿಗೆ ಕಡ್ಡಿ ಅದ್ದೋನು, ಕಥೆಗೂ ಕಡ್ಡಿ ಅದ್ದಕ್ ಬಂದವ್ನೆ.”

“ನಾಟ್ಕದ್ ಚಟ ಇದ್ರೆ ನಾಟ್ಕಕ್ಕೆ ಓಗ್ಬೇಕು. ಇಲ್ಲಿ ಆಟ ಆಡ್ತಾವ್ರೆ.”

ಈ ಕೊನೆಯ ಮಾತಿನಲ್ಲಿ ಬೈಗುಳ ಇರಲಿಲ್ಲ, ತೊಂದರೆಯಾದದ್ದು ಅದರಿಂದಲೇ. ಬೈದಿದ್ದರೆ ತಿರುಗಿ ಬೈದು ಟೀ ಕುಡಿಯಬಹುದಿತ್ತು.

ಪಾಷಣ್ಣ ನಡುವೆ ಬಂದರು. “ಅರೆ, ಬುಡ್ರಪ್ಪ. ನೋಡಿ, ಆಟೋದಾಗೆ ಡ್ರೈವರ್ ಸೀಟು ಗಟ್ಟಿಗಿರ್ತದೆ, ಇಂದ್ಗಡೆ ಸೀಟು ಮೆತ್ತಗಿರ್ತದೆ. ಒಬ್ರಿಗೆ ಅದು ಸರಿ, ಒಬ್ರಿಗೆ ಇದು ಸರಿ. ಎಲ್ಡೂ ಒಂದೇ ಆಟೋ ತಾನೆ?”

ಎಷ್ಟು ಒಳ್ಳೆಯ ಮಾತು! ನಾನು ಮನಸ್ಸಿನಲ್ಲೇ ರಂಗನಾಥನಿಗೆ ಕೈಮುಗಿದೆ. ಆಮೇಲೆ ಚಿಕ್ಕಸ್ವಾಮಿ ನಿಧಾನವಾಗಿ ಕೇಳಿದರು: “ಅಂಗಾರೆ ಇಲ್ಲಿ ಡ್ರೈವರ್ ಯಾರು?”

ಜಗಳ ಮತ್ತೆ ಮೊದಲಿನಿಂದ ಶುರುವಾಯಿತು.

ನಮ್ಮ ಕಡೆ ಜಗಳವಾದರೆ ಸಂಬಂಧ ಬಿಡುವುದಿಲ್ಲ, ಮಾತು ಬಿಡುತ್ತಾರೆ. ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಿ ಒಂದೇ ಪಂಕ್ತಿಯಲ್ಲಿ ಉಂಡು ಬರುತ್ತಾರೆ, ಪಲ್ಯ ಬೇಕಾದರೆ ಮಾತ್ರ ಮೂರನೆಯವರ ಕೈಲಿ ಕೇಳಿಸುತ್ತಾರೆ. ಆದ್ದರಿಂದ ಮುಂದಿನ ಶುಕ್ರವಾರ ಇಬ್ಬರೂ ತಪ್ಪದೆ ಬಂದರು. ಮಾತು ಬಿಟ್ಟವರು ಒಂದೇ ಸೈನ್ಯದಲ್ಲಿ ಯುದ್ಧಕ್ಕೆ ಹೋಗುವುದು ಹೇಗೆ ಎಂದು ಆವತ್ತು ತಿಳಿಯಿತು.

“ಮೇಷ್ಟ್ರೆ, ಆ ಬಿಲ್ಲಿನೋರ್ಗೆ ಏಳಿ, ನನ್ ಬೆನ್ನಿಂದೆ ಯಾವನೋ ಕತ್ತಿ ಎತ್ತವ್ನಂತೆ, ವಸಿ ನೋಡ್ಲಿ ಅಂತ.”

“ಕಂಡೈತೆ ಅಂತ ಏಳಿ ಮೇಷ್ಟ್ರೆ. ಕಾಪಾಡ್ಬೇಕೋ ಬ್ಯಾಡ್ವೋ ಕೇಳಿ.”

“ಕೇಳಿ ಮಾಡೋ ಉಪ್ಕಾರ ಬ್ಯಾಡ ಅಂತ ಏಳಿ.”

ಇಬ್ಬರ ನಡುವೆ ಒಂದು ಮೊಳ ಜಾಗ. ಪಾಷಣ್ಣ ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ಸಾಗಿಸುವಷ್ಟರಲ್ಲಿ ಕತ್ತಿ ಬೆನ್ನಿಗೆ ಬಿತ್ತು. ಸೇನಾಪತಿ ಗಾಯಗೊಂಡ. “ಬೇಕಂತ್ಲೇ ಮಾಡವ್ನೆ,” ಎಂದು ಚಿಕ್ಕಸ್ವಾಮಿ ಟವೆಲ್ ಕೊಡವಿ ಎದ್ದರು. ಇನ್ನು ಮೇಲೆ ಬೆಳಗೊಳದಲ್ಲಿ ತಮ್ಮದೇ ಮೇಜು, ಅದರಲ್ಲಿ ದಾಳ ಇರುವುದಿಲ್ಲ, ಕಥೆಯನ್ನೂ ತಾವೇ ಹೇಳುವುದಾಗಿ ಸಾರಿದರು. ಕುಮಾರ್ ಪಾಂಡವಪುರದಲ್ಲಿ ಇನ್ನೊಂದು ಮೇಜು ಹಾಕುವುದಾಗಿ ಹೇಳಿದ. ಅಲ್ಲಿ ಭಾಷಣ ಇರುವುದಿಲ್ಲ, ಪುಸ್ತಕ ನೋಡಿ ಆಡಿದರೆ ಕಥೆಗಾರನೂ ಬೇಕಿಲ್ಲ. ಎರಡು ಮೇಜುಗಳ ಯೋಜನೆ ಬಹಳ ಅಚ್ಚುಕಟ್ಟಾಗಿತ್ತು. ಎರಡರಲ್ಲೂ ಪಾಷಣ್ಣ ಇರಲಿಲ್ಲ.

ಎರಡು ದಿನ ಬಿಟ್ಟು ಖೈರುನ್ನೀಸಾ ನನ್ನ ಮಳಿಗೆಗೆ ಬಂದು ಕೂತರು. “ಅಕ್ಕ, ಮೀನ್ ಮಾಡ್ಲಾ, ಬೇಳೆ ಮಾಡ್ಲಾ ಅಂತ ನಾನೇ ಬಾಯ್ಬುಟ್ಟು ಕೇಳ್ದೆ. ನಿಕಾ ಆದಾಗ್ಲಿಂದ ಕೇಳ್ದೋಳಲ್ಲ. ‘ಏನಾರ ಮಾಡು’ ಅಂದ್ಬುಟ್ರು. ನಂಗೆ ದಿಗಿಲಾಗೋಯ್ತು.”

ನನಗೂ ದಿಗಿಲಾಯಿತು. ಯಾರೂ ಕೇಳದಿದ್ದಾಗಲೂ ಬೇಳೆ ಎನ್ನುತ್ತಿದ್ದ ಮನುಷ್ಯ, ಕೇಳಿದಾಗ ಏನಾದರೂ ಸರಿ ಅಂದರೆ ಅದು ಸಣ್ಣ ಕಾಯಿಲೆಯಲ್ಲ.

ಟ್ರಾಕ್ಟರಿನ ಸೀಟು ಹೊಲಿಸಲು ಬಂದಿದ್ದ ನಂಜಪ್ಪನವರನ್ನು ಖೈರುನ್ನೀಸಾ ಹಿಡಿದು ನಿಲ್ಲಿಸಿದ್ದು ಈ ದಿಗಿಲಿಗೇ. ಪಾಂಡವಪುರದ ಕಡೆ ನಾಲೆ ನೀರಿನ ಜಗಳಕ್ಕೆ ಅವರ ಮಾತೇ ಕೊನೆ. ಇಬ್ಬರನ್ನೂ ಕರೆಸಿ, ಅರ್ಧ ಹೊಲಿದ ಸೀಟಿನ ಮೇಲೆ ಕೂತು ನ್ಯಾಯ ಶುರುಮಾಡಿದರು.

“ಮೊದ್ಲು ಏಳ್ರಪ್ಪ, ಆ ಕೋಟೆ ಯಾರ್ ಎಸ್ರಲ್ಲೈತೆ?”

“ಕೋಟೆ ಇಲ್ಲ ಗೌಡ್ರೆ,” ಎಂದರು ಪಾಷಣ್ಣ. “ಕಥೆ ಅದು.”

“ಇಲ್ದಿರೋ ಕೋಟೆಗೆ ಜಗಳ್ವಾ?” ನಂಜಪ್ಪ ಸ್ವಲ್ಪ ಯೋಚಿಸಿದರು. “ಓಗ್ಲಿ ಬುಡು. ನಾಲೇಲೂ ಅಂಗೇಯ. ನೀರಿಲ್ದಾಗ್ಲೇ ಎಚ್ಚು ಒಡ್ದಾಡೋದು.”

ತೀರ್ಪು ಬಂತು. ನೀರಿನ ಸರದಿಯಂತೆ ಅರ್ಧ ಗಂಟೆ ಮಾತಿನವರಿಗೆ, ಅರ್ಧ ಗಂಟೆ ದಾಳದವರಿಗೆ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ತೂಬು ಎತ್ತುವಂತಿಲ್ಲ, ಅಂದರೆ ಬಾಯಿ ತೆರೆಯುವಂತಿಲ್ಲ. ಲೇ, ಲಾ ಬಿಟ್ಟು ‘ತಾವು’ ಅನ್ನಬೇಕು. ತಪ್ಪಿದವರು ಎಲ್ಲರಿಗೂ ಬೋಂಡ ಕೊಡಿಸಬೇಕು.

ಶಾಂತಿ ನೆಲೆಸಿತು. ಅಂಥ ಶಾಂತಿ ಯಾರ ಮನೆಗೂ ಬರದಿರಲಿ.

ರಾಕ್ಷಸನ ಎದೆಗೆ ಕುಮಾರ್ ಬಾಣ ಬಿಡುತ್ತಾನೆ. ಬಾಣ ಅರ್ಧ ದಾರಿಯಲ್ಲಿರುವಾಗ ಸರದಿ ಮುಗಿಯುತ್ತದೆ. ಬಾಣ ಗಾಳಿಯಲ್ಲೇ ನಿಲ್ಲಬೇಕು, ರಾಕ್ಷಸ ಎದೆಯೊಡ್ಡಿಕೊಂಡು ಕಾಯಬೇಕು, ಸೇನಾಪತಿ ಬೆಳದಿಂಗಳನ್ನು ವರ್ಣಿಸಬೇಕು. ಅರ್ಧ ಗಂಟೆ ಬೆಳದಿಂಗಳು ಹೇಳಿ ಚಿಕ್ಕಸ್ವಾಮಿಗೇ ಬೆವರು ಬರುತ್ತಿತ್ತು.

“ಈಗ ತಾವು ಮುಂದುವರಿಸಬೇಕು.”

“ಪರವಾಗಿಲ್ಲ, ತಮ್ಮದು ಪೂರೈಸಲಿ.”

“ಇಲ್ಲ ಇಲ್ಲ, ತಾವು.”

ಇಷ್ಟೊಂದು ಮರ್ಯಾದೆಯನ್ನು ನಾನು ಸಾವಿನ ಮನೆಯಲ್ಲೂ ಕೇಳಿಲ್ಲ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಫೋನು ನೋಡುತ್ತ ಕೂರುವರು. ಯಾರೂ ತಪ್ಪದ ಕಾರಣ ಒಂದು ಬೋಂಡವೂ ಬರಲಿಲ್ಲ. ಜಗಳವಿಲ್ಲದೆ ಕದಿಯಲು ಸಂದು ಸಿಗದ ಮೆಹನಾಜ್ ಉಗುರಿಗೆ ಬಣ್ಣ ಹಚ್ಚಿಕೊಂಡು ಹೊತ್ತು ಕಳೆದಳು. ಆಮೇಲೇನಾಯ್ತು ಎಂದು ಕೇಳುವವರೇ ಇರಲಿಲ್ಲ, ಆಮೇಲೆ ಯಾರ ಸರದಿ ಎಂದಷ್ಟೇ ಕೇಳುವರು. ಪಾಷಣ್ಣ ಗಡಿಯಾರ ನೋಡಿ ಹೇಳುವರು. ಚಾಪೆ ನೋಡಿಕೊಳ್ಳುವ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅತ್ತ ನಂಜಪ್ಪನವರು ತಮ್ಮ ತೀರ್ಪು ಫಲ ಕೊಟ್ಟ ಸುದ್ದಿಯನ್ನು ತೊಣ್ಣೂರಿನವರೆಗೂ ಮುಟ್ಟಿಸಿದ್ದರು.

ಹೀಗೆ ಕೆಲವು ವಾರ. ಒಂದು ಶುಕ್ರವಾರ ಕುಮಾರ್‌ನ ಸರದಿ ನಡೆಯುತ್ತಿತ್ತು, ಚಿಕ್ಕಸ್ವಾಮಿ ಫೋನಿನಲ್ಲಿ ಹಸುವಿನ ಡಾಕ್ಟರಿಗೆ ಮೆಸೇಜು ಬರೆಯುತ್ತಿದ್ದರಂತೆ. ಆಗ ಪಾಷಣ್ಣ, ದನಿ ಏರಿಸದೆ, ಅಂದರು: “ಕೆರೆ ಒಡೀತು.”

“ಏನಂದ್ರಿ ಮೇಷ್ಟ್ರೆ?” ಎಂದ ಕುಮಾರ್.

“ಕೋಟೆ ಮೇಲ್ಗಡೆ ಕೆರೆ ಐತಲ್ಲ, ಅದ್ರ ಏರಿ ಒಡೀತು. ನೀರ್ ನುಗ್ತು. ಕೋಟೆ ಓಯ್ತು, ರಾಕ್ಷಸ ಓದ. ನೀವೂ ಎಲ್ರೂ ಸತ್ರಿ. ಬಸ್. ಖತಂ.”

ದಾಳಗಳು ಒಂದೊಂದಾಗಿ ಡಬ್ಬಿಗೆ ಬೀಳುವ ಸದ್ದು ಕೇಳಿಸಿತು. ಸತ್ತವರಿಗೆ ಸದ್ಗತಿಯಾಗಲಿ ಎಂದು ನಾನು ತಗಡಿನ ಈಚೆ ಕೈಮುಗಿದೆ. ಕಥೆಯವರಾದರೇನು, ಅಷ್ಟು ದಿನ ಪರಿಚಯದವರು.

ಮೊದಲು ಕೂಗಿದ್ದು ಕುಮಾರ್. “ದಾಳ ಆಕ್ದೆ ಎಂಗ್ ಸತ್ತೋ? ನೀರ್ಗೆ ಬಿದ್ರೆ ಈಜಕ್ಕೆ ಅಂತ್ಲೇ ರೂಲೈತೆ!”

“ಲೇ ಕುಮಾರ, ರೂಲು ಆಮ್ಯಾಕ್ಲಾ!” ಚಿಕ್ಕಸ್ವಾಮಿಯ ಫೋನು ಮೇಜಿನ ಮೇಲೆ ಬಿತ್ತು. “ಸೇನಾಪತಿ ಸಾಯ್ವಾಗ ಒಂದ್ ಮಾತಾರ ಬ್ಯಾಡ್ವೇನ್ಲಾ? ಬೀದಿ ನಾಯಂಗೆ ಸಾಯ್ತಾನಾ?”

“ಅದ್ನೇ ಕಣಣ್ಣ ನಾನೂ ಏಳ್ತಿರೋದು. ದಾಳ ಆಕುದ್ರೆ ತಲೆ ನೀರಿಂದ ಮೇಲಕ್ ಬತ್ತದೆ. ಉಸ್ರಿರ್ತದೆ. ಆಗ ಮಾತಾಡ್ಬೋದು.”

“ಎಷ್ಟೊತ್ತು ಮಾತಾಡ್ಬೋದು?”

“ದಾಳ ಎಷ್ಟು ಬಿತ್ತೋ ಅಷ್ಟು ಉಸ್ರು.”

“ಅಂಗಾರೆ ತತ್ತಾ ಇಲ್ಲಿ!”

“ಯಾರೂ ಮುಟ್ಬೇಡಿ,” ಎಂದರು ಪಾಷಣ್ಣ. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. “ನಾನ್ ಏಳಾಯ್ತು. ಸತ್ರಿ ಅಂದ್ರೆ ಸತ್ರಿ.”

“ಇದು ಅನ್ಯಾಯ ಮೇಷ್ಟ್ರೆ!” ಎಂದು ಇಬ್ಬರೂ ಒಟ್ಟಿಗೆ ಅಂದರು. ದಾಳ ಹಿಡಿದವನೂ ಮಾತು ಹಿಡಿದವರೂ ಆ ಮೇಜಿನಲ್ಲಿ ಒಪ್ಪಿದ ಮೊದಲ ಸಂಗತಿ ಅದು.

“ಮಾಮೂ,” ಎಂದಳು ಮೆಹನಾಜ್, “ಏರಿ ಒಡ್ಯೋಕ್ ಮುಂಚೇನೇ ನಾನು ಇಂದ್ಲು ಬಾಗ್ಲಿಂದ ಆಚೆ ಬಂದಿದ್ದೆ. ಖಜಾನೆ ನನ್ ತಾವೈತೆ.”

ಕೈ ಎತ್ತಿಸಿ ನೋಡೋಣ ಎಂದು ಕುಮಾರ್ ಅಂದ. ಸತ್ತಿಲ್ಲ ಎನ್ನುವವರು ಮೂವರು, ಸತ್ತರು ಎನ್ನುವವರು ಒಬ್ಬರು. ಅಂಗಡಿಯ ಹಿಂದಿನ ಮನೆಯಿಂದ ಟೀ ತಂದ ಖೈರುನ್ನೀಸಾ, ವಿಷಯ ಏನೆಂದೂ ಕೇಳದೆ, “ನಂದೂ ಈ ಮೂವರ್ ಕಡೇಗೆ ಬರ್ಕಳಿ,” ಎಂದು ಗಂಡನ ವಿರುದ್ಧ ಕೈ ಎತ್ತಿದರು. ಪಾಷಣ್ಣ ಬದುಕಿನಲ್ಲಿ ಗಟ್ಟಿಯಾಗಿ ಮಾಡಿದ ಒಂದೇ ತೀರ್ಮಾನ ಟೀ ಆರುವಷ್ಟೂ ಬಾಳಲಿಲ್ಲ.

ಡಬ್ಬಿ ತೆರೆಯಿತು. ದಾಳ ಒಳ್ಳೆಯದೇ ಬಿದ್ದಿರಬೇಕು, ಸೇನಾಪತಿ ನಡುನೀರಿನಲ್ಲಿ ತಲೆಯೆತ್ತಿ ತಾಯ್ನೆಲಕ್ಕೆ ವಂದಿಸತೊಡಗಿದ.

“ಉಸ್ರು ಮುಗೀತಣ್ಣ.”

“ಇನ್ನೊಂದ್ ಸಾಲು ಕಣ್ಲಾ.”

“ಮುಳುಗ್ತೀಯ ಕಣಣ್ಣ, ಇನ್ನೊಂದ್ ದಾಳ ಆಕು!”

“ಆಕ್ತೀನಿರ್ಲಾ, ಅಳು ಬತ್ತಾ ಐತೆ!”

ಅವತ್ತು ನಿಜವಾಗಿ ನೀರಿನಲ್ಲಿ ಹೋದದ್ದು ‘ತಾವು’ ಒಂದೇ. ಅದಕ್ಕೆ ಯಾರೂ ಅಳಲಿಲ್ಲ. ಬೋಂಡ ಯಾರು ಕೊಡಿಸಬೇಕು ಎಂಬ ಬಗ್ಗೆ ಬೇರೆಯೇ ಜಗಳವಾಗಿ, ಕೊನೆಗೆ ಇಬ್ಬರೂ ಕೊಡಿಸಿದರು. ನನಗೂ ಒಂದು ಪೊಟ್ಟಣ ಬಂತು.

ಪೊಟ್ಟಣ ತಂದುಕೊಟ್ಟವರು ಪಾಷಣ್ಣನೇ. “ಕೇಳಿಸ್ತಾ ಅಕ್ಕ? ನನ್ ಮಾತ್ಗೆ ಒಬ್ರಾರ ಬೆಲೆ ಕೊಟ್ರಾ?” ಎಂದರು, ಮಗಳ ನಿಕಾ ನಿಶ್ಚಯವಾದವರ ಮುಖದಲ್ಲಿ. ಬೆಳಗೊಳದ ಮೇಜಿಗೂ ಪಾಂಡವಪುರದ ಮೇಜಿಗೂ ಇನ್ನೂ ಮರ ಸಿಕ್ಕಿಲ್ಲವಂತೆ. ಅಷ್ಟು ಹೇಳಿ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತರು. ಮುಂದಿನ ಶುಕ್ರವಾರದೊಳಗೆ ಕೆರೆಯ ಅಷ್ಟು ನೀರನ್ನು ಯಾವ ಕಡೆ ಹರಿಸಿ, ಆ ಇಬ್ಬರನ್ನು ಯಾವ ದಡಕ್ಕೆ ಹತ್ತಿಸುವುದು ಎಂಬ ಯೋಚನೆಯಲ್ಲಿ ಅವರು ಯಾರದೋ ಆಟೋ ಸೀಟಿಗೆ ರೆಕ್ಸಿನ್ನನ್ನು ಒಳಹೊರಗು ಮಾಡಿ ಹೊಲಿದಿಟ್ಟಿದ್ದರು.