ಗೌರತ್ತೆ ಬೇಡವೆಂದ ಪಿಸ್ತೂಲು

ಸೀಮೆಎಣ್ಣೆಯಲ್ಲಿ ನೆನೆದ ಹಳೇ ಬಟ್ಟೆಯ ವಾಸನೆ ಮೂಗಿಗೆ ಬಡಿದರೆ, ಮಧುಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತ ಗೌರತ್ತೆ ಕಣ್ಣ ಮುಂದೆ ಬರುತ್ತಾಳೆ. ಜೊತೆಗೇ ಸಿಟ್ಟೂ ಬರುತ್ತದೆ. ಇಷ್ಟು ವರ್ಷವಾದರೂ ಅದು ಆರಿಲ್ಲ. ಗೌರತ್ತೆ ನಮ್ಮಪ್ಪನ ಅಕ್ಕ, ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮಜ್ಜ ಮಹಾರಾಜರ ಕುದುರೆ ಪಡೆಯಲ್ಲಿ ಜಮಾದಾರನಾಗಿದ್ದ. ಅವನ ಪಿಸ್ತೂಲನ್ನು ಬಿಚ್ಚಿ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದನ್ನು ಮಕ್ಕಳಲ್ಲಿ ಕಲಿತವಳು ಇವಳೊಬ್ಬಳೇ. ಅಜ್ಜ ಸತ್ತ ಮೇಲೆ ಅದು ಪೆಟ್ಟಿಗೆ ಸೇರಿ ಹತ್ತಾರು ಮಳೆಗಾಲ ಕಂಡಿತ್ತು.

ನನಗೆ ಒಂಬತ್ತು ವರ್ಷವಿದ್ದಾಗ, ಆಯುಧಪೂಜೆಯ ದಿನ ಅದನ್ನು ಹಾರಿಸಬೇಕೆಂದು ಚಿಕ್ಕಪ್ಪ ನಂಜಪ್ಪ ಹಟ ಹಿಡಿದ. ಸಿರಾದಿಂದ ಅವನ ಸ್ನೇಹಿತರು ಬರುವವರಿದ್ದರು. "ಮೊದ್ಲು ನಾನು ನೋಡ್ತೀನಿ, ತಡೀಲಾ" ಎಂದಳು ಅತ್ತೆ. ಹಬ್ಬದ ಹಿಂದಿನ ದಿನ, ಒಳಗೆ ಗುಂಡಿಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು, ನಳಿಗೆಗೆ ಬೆಳಕು ಹಾಯಿಸಿ ತುಕ್ಕು ನೋಡಿದಳು. ಆರು ಗುಂಡು ಕೂರುವ ಉರುಳೆಯನ್ನು ನಿಧಾನ ತಿರುಗಿಸಿ, ಅಲುಗುತ್ತದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿದಳು. ಆಮೇಲೆ ಹಿತ್ತಿಲಿನಾಚೆ, ಮಣ್ಣಿನ ದಿಬ್ಬಕ್ಕೆ ಎದುರಾಗಿ ಮರದ ದಿಮ್ಮಿಗೆ ಅದನ್ನು ಬಿಗಿದು, ಒಂದೇ ಗುಂಡು ಹಾಕಿ, ಎಲ್ಲರನ್ನೂ ಗೋಡೆಯ ಹಿಂದೆ ಕೂರಿಸಿ, ಉದ್ದದ ಹಗ್ಗ ಕಟ್ಟಿ ಪಿಸ್ತೂಲಿನ ಕುದುರೆ ಎಳೆದಳು. ಸದ್ದಾಯಿತು, ಗುಂಡು ದಿಬ್ಬ ಸೇರಿತು. ಚಿಕ್ಕಪ್ಪ ಚಪ್ಪಾಳೆ ತಟ್ಟಿದ. ಅತ್ತೆ ಉರುಳೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು. ನನಗೂ ತೋರಿಸಿದಳು: ಕೂದಲೆಳೆಯಷ್ಟು ಸಣ್ಣ ಬಿರುಕು.

"ಕಬ್ಬಿಣ ಸೀಳೈತೆ ನಂಜಾ. ಇನ್ನೊಂದು ಗುಂಡು ತಡೆಯಾಕಿಲ್ಲ. ಪೂಜೆಗೆ ಇಕ್ಕು, ಹಾರಿಸಬ್ಯಾಡ."

"ಈಗ ತಾನೆ ಹಾರ್ತಲ್ಲಕ್ಕಾ. ಹೆಂಗಸ್ರಿಗ್ಯಾಕೆ ಇವೆಲ್ಲ? ಒಳಕ್ಕೋಗು."

ಅಪ್ಪ ಅಲ್ಲೇ ನಿಂತು ಎಲೆಯಡಿಕೆ ಜಗಿಯುತ್ತಿದ್ದ.

ಮರುದಿನ ಸ್ನೇಹಿತರ ಮುಂದೆ ಚಿಕ್ಕಪ್ಪ ಕೈ ನೀಡಿ ಹಾರಿಸಿದ. ಉರುಳೆ ಒಡೆದು ಅವನ ಬಲಗೈಯ ಎರಡು ಬೆರಳು ಹೋದವು. ಓಡಿಬಂದು ಬಟ್ಟೆ ಬಿಗಿದು ರಕ್ತ ನಿಲ್ಲಿಸಿದವಳು ಅತ್ತೆಯೇ. ಆದರೆ ಸಂಜೆಯ ಹೊತ್ತಿಗೆ ಮನೆಯಲ್ಲಿ ತೀರ್ಮಾನವಾಗಿತ್ತು: ಹಬ್ಬದ ಹೊತ್ತಲ್ಲಿ ಮುಂಡೆ ಅಪಶಕುನ ನುಡಿದಳು, ಅದಕ್ಕೇ ಹೀಗಾಯಿತು. ಬಿರುಕಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎತ್ತಿದೆ, ಅಪ್ಪ ಕೆನ್ನೆಗೆ ಹೊಡೆದ. ವಾರದೊಳಗೆ ಅವಳನ್ನು ಹೊಳವನಹಳ್ಳಿಯ ದೂರದ ನೆಂಟರ ಮನೆಗೆ ಸಾಗಹಾಕಿದರು. ಗಾಡಿ ಹತ್ತುವಾಗ, "ಅಳಬ್ಯಾಡ ಕಣಮ್ಮ. ನೋಡಿದ್ದನ್ನ ನೋಡ್ದೆ ಅಂದೆಯಲ್ಲ, ನಂಗಷ್ಟು ಸಾಕು" ಅಂದಳು.

ಅವಳು ಮರಳಿ ಬರಲಿಲ್ಲ. ಸತ್ತ ಸುದ್ದಿ ಬಂದಾಗ ಅಪ್ಪನೊಬ್ಬನೇ ಹೋಗಿ ಮಣ್ಣು ಹಾಕಿ ಬಂದ. ಅಪ್ಪ, ಚಿಕ್ಕಪ್ಪ ಇಬ್ಬರೂ ಈಗಿಲ್ಲ, ಆ ಮನೆಯೂ ಇಲ್ಲ. ತೀರಿಹೋದವರ ಮೇಲೆ ಇನ್ನೆಂಥ ಕೋಪ ಎಂದು ನನ್ನ ಮಕ್ಕಳು ಕೇಳುತ್ತಾರೆ. ನಿಮ್ಮ ಮನೆಯಲ್ಲೂ ಹೀಗೆ ಬಾಯಿ ಮುಚ್ಚಿಸಿಕೊಂಡ ಒಬ್ಬಳಿದ್ದರೆ ನಿಮಗೆ ತಿಳಿದೀತು. ಕಳೆದ ವರ್ಷ ಹೊಳವನಹಳ್ಳಿಗೆ ಹೋಗಿ ವಿಚಾರಿಸಿದೆ. ರುದ್ರಭೂಮಿಯ ಯಾವ ಮೂಲೆಯಲ್ಲಿ ಅವಳನ್ನು ಇಟ್ಟರೆಂದು ಹೇಳುವವರು ಒಬ್ಬರೂ ಉಳಿದಿರಲಿಲ್ಲ. ಹುಲ್ಲು ಬೆಳೆದ ಗುಡ್ಡೆಗಳಿಗೆಲ್ಲ ಒಂದೊಂದು ಕಣಗಿಲೆ ಹೂ ಇಟ್ಟು, ಬಿಸಿಲೇರುವ ಮೊದಲೇ ಬಸ್ಸು ಹತ್ತಿದೆ.