ಡ್ವೈಟ್ ಬರೆದಿಟ್ಟ ಮಾತು

ಲಿಯಾನ್ ಪ್ರೂಸಾಕನಷ್ಟು ಹಟಮಾರಿಯನ್ನು ನಾನು ಶಿಕಾಗೋದಲ್ಲೇ ಕಂಡಿಲ್ಲ. ದೊಡ್ಡ ಪತ್ರಿಕೆಗಳು ಅವನ ಚಿತ್ರ ಮುಟ್ಟಲಿಲ್ಲ. ಬೂಟಿನ ಜಾಹೀರಾತು ಬರೆದು ಹೊಟ್ಟೆ ಹೊರೆಯುತ್ತ, ನಮ್ಮ ವಾರಪತ್ರಿಕೆಗೆ ‘ಮೂರನೇ ಮಹಡಿ’ ಎಂಬ ಕಾಮಿಕ್ಸ್ ಬರೆಯುತ್ತಿದ್ದ. ಗಂಡನ್ನು ಪ್ರೀತಿಸುವ ಗಂಡಸರು, ಹೆಣ್ಣನ್ನು ಪ್ರೀತಿಸುವ ನನ್ನಂಥ ಹೆಂಗಸರು ಬಾರುಗಳಲ್ಲಿ ಪುಕ್ಕಟೆ ಎತ್ತಿಕೊಂಡು ಓದುವ ಪತ್ರಿಕೆ ಅದು. ಕಾಮಿಕ್ಸಿನಲ್ಲಿ ಇದ್ದದ್ದು ಒಂದೇ ಮನೆಯಲ್ಲಿ ಸಂಸಾರ ಹೂಡಿದ ಒಬ್ಬ ಕುಳ್ಳ, ಒಬ್ಬ ಉದ್ದಣ್ಣ. ಪಾತ್ರೆ ತೊಳೆಯುವ ಸರದಿಗೆ ದಿನಾ ಜಗಳ. ಚಿತ್ರ ಲಿಯಾನನದು. ಅವರ ತಲೆಯ ಮೇಲಿನ ಮಾತುಗಳನ್ನು ಕೈಯಲ್ಲಿ ದುಂಡಗೆ ಬರೆಯುತ್ತಿದ್ದವನು ಅವನ ಸಂಗಾತಿ ಡ್ವೈಟ್. ಪುಟಕ್ಕೆ ಅಂಟಿಸುವುದು ನನ್ನ ಕೆಲಸ. ಕುಳ್ಳ ಲಿಯಾನ್, ಉದ್ದಣ್ಣ ಡ್ವೈಟ್ ಎಂದು ನಮ್ಮವರಿಗೆಲ್ಲ ಗೊತ್ತಿತ್ತು.

ಎಂಬತ್ತಾರರ ಚಳಿಗಾಲದಲ್ಲಿ ಏಡ್ಸ್ ಡ್ವೈಟ್‌ನನ್ನು ಬಲಿ ತೆಗೆದುಕೊಂಡಿತು. ಇಂಡಿಯಾನಾದಿಂದ ಅವನ ಅಕ್ಕ ಬಂದಳು. "ನೀವು ಬಾಡಿಗೆ ಹಂಚ್ಕೊಂಡಿದ್ದೋರು ಅಲ್ವಾ? ಮಣ್ಣಿಗೆ ಮನೆಯೋರು ಮಾತ್ರ," ಎಂದು ಹೆಣವನ್ನೂ ಬಟ್ಟೆಬರೆಯನ್ನೂ ಒಯ್ದಳು. ಆ ಹೆಂಗಸನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಲಿಯಾನನಿಗೆ ಉಳಿದದ್ದು ಹಳೆಯ ಕಾಮಿಕ್ಸ್‌ನಲ್ಲಿ ಡ್ವೈಟ್ ಬರೆದ ಮಾತುಗಳಷ್ಟೇ.

ಮುಂದಿನ ವಾರ ಹೊಸ ಚಿತ್ರ ತಂದ. ಮಾತುಗಳನ್ನು ಮಾತ್ರ ಹಳೆಯವುಗಳ ಜೆರಾಕ್ಸಿನಿಂದ ಕತ್ತರಿಸಿ ಅಂಟಿಸಿದ್ದ. ಉದ್ದಣ್ಣ ಚಿತ್ರದಲ್ಲಿರಲಿಲ್ಲ. ಕುಳ್ಳ ಬೆಕ್ಕಿಗೆ ಹೇಳುತ್ತಿದ್ದ: "ಬ್ರೆಡ್ ತರೋಕೆ ಹೋಗಿದಾನೆ, ಈಗ ಬಂದ್ಬಿಡ್ತಾನೆ."

ವಾರಗಟ್ಟಲೆ ಇದೇ. ಸಂಪಾದಕ ಮಾರ್ವಿನ್‌ಗೆ ತಲೆ ಕೆಟ್ಟುಹೋಯಿತು.

"ಪಕ್ಕದ ಪುಟ ಪೂರ್ತಿ ಸಾವಿನ ಸುದ್ದಿ ಕಣೋ. ನಿನ್ನ ಉದ್ದಣ್ಣ ಇನ್ನೂ ಅಂಗಡೀಲಿ! ಯಾವ ಅಂಗಡಿನಯ್ಯಾ ಅದು? ಸತ್ತ ಅಂತ ಹೇಳ್ಬಿಡು."

"ಆ ಮಾತು ಡ್ವೈಟ್ ಬರೆದೇ ಇಲ್ವಲ್ಲ," ಎಂದ ಲಿಯಾನ್. "ನಗ್ಸೋ ಕಾಮಿಕ್ಸ್ ಅದು, ಅದ್ರಲ್ಲಿ ಯಾರೂ ಸತ್ತಿರ್ಲಿಲ್ಲ."

"ಒಂದೊಂದೇ ಅಕ್ಷರ ಕತ್ತರಿಸಿ ಜೋಡಿಸ್ತೀನಿ, ಕೊಡು," ಎಂದೆ ನಾನು.

"ಜೋಡಿಸಿದ್ರೆ ಅದು ನಿನ್ನ ಮಾತಾಗುತ್ತೆ ಥೆಲ್ಮಾ, ಅವನದ್ದಲ್ಲ. ಅವನು ಬರೆದಿದ್ದಷ್ಟೇ ಹಾಕ್ತೀನಿ. ಬೇಡಾಂದ್ರೆ ನಿಲ್ಸಿಬಿಡಿ."

ನಿಲ್ಲಿಸುವ ಧೈರ್ಯ ಯಾರಿಗಿತ್ತು? ಓದುಗರು ಫೋನ್ ಮಾಡಿ "ಉದ್ದಣ್ಣ ಬಂದ್ನಾ?" ಎಂದು ಕೇಳುತ್ತಿದ್ದರು. ಕೆಲವರು ಆಸ್ಪತ್ರೆಯ ಹಾಸಿಗೆಯಿಂದಲೇ.

ಮರುವರ್ಷ ಅದೇ ಕಾಯಿಲೆ ಲಿಯಾನನ ಕಣ್ಣು ಕಿತ್ತುಕೊಂಡಿತು. ಚಿತ್ರ ಬರೆಯುವವನ ಕಣ್ಣೇ ಬೇಕಿತ್ತೇ ಎಂದು ದೇವರನ್ನು ಬಾಯಿಗೆ ಬಂದಂತೆ ಬೈದೆ. ಪಕ್ಕದಲ್ಲಿ ಕೂತು ಹಳೆಯ ಕಾಮಿಕ್ಸ್ ಒಂದೊಂದಾಗಿ ಓದಿ ಹೇಳುತ್ತಿದ್ದೆ. ಇಬ್ಬರೂ ಅಂಗಡಿಗೆ ಹೊರಟ ಒಂದು ಹಳೇ ತಮಾಷೆ ಬಂದಾಗ ನನ್ನ ಕೈ ಹಿಡಿದ.

"ಅದೇ. ಕತ್ತರಿಸಿ ಇಟ್ಕೋ. ಯಾವಾಗ ಹಾಕ್ಬೇಕು ಅಂತ ನಿಂಗೇ ಗೊತ್ತಾಗುತ್ತೆ."

ಆಮೇಲೆ ಪೆನ್ನು ಕೇಳಿ, ಬಾಗಿಲಲ್ಲಿ ಕೋಟು ಹಾಕಿಕೊಳ್ಳುತ್ತಿರುವ ಕುಳ್ಳನನ್ನು ತಡಕಾಡಿ ಬರೆದ. ಒಂದು ಕಾಲು ಚೌಕಟ್ಟಿನ ಆಚೆ ಹೋಗಿತ್ತು. ನಾನು ತಿದ್ದಲಿಲ್ಲ.

ಮಾರ್ಚಿನಲ್ಲಿ ಲಿಯಾನ್ ಹೋದ. ಆ ವಾರ ಕುಳ್ಳನ ತಲೆಯ ಮೇಲೆ ಡ್ವೈಟ್‌ನ ದುಂಡು ಅಕ್ಷರಗಳನ್ನು ಅಂಟಿಸಿದೆ: "ತಡಿಯೋ, ನಾನೂ ಬಂದೆ. ಪರ್ಸ್ ಇಲ್ಲೇ ಬಿಟ್ಟು ಹೋಗಿದೀಯ."

"ಕೆಳಗೆ ಒಂದು ಸಾಲು ಸೇರ್ಸೋಣ್ವಾ, ತೀರ್ಕೊಂಡ ಅಂತ?" ಎಂದ ಮಾರ್ವಿನ್. ಬೇಡ ಎಂದೆ. ಆಮೇಲೆ ಉದ್ದಣ್ಣನನ್ನು ಕೇಳಿಕೊಂಡು ಯಾರ ಫೋನೂ ಬರಲಿಲ್ಲ.